ಬೀಗರ ಮನೆಯ ನಡುಕ

ಜಿಗ್‌ಸಾ ಎಂಬ ಕರೆಂಟಿನ ಗರಗಸ ಕೊಂಡು ತಂದ ದಿನ ನಾನು ಅದನ್ನು ಓಡಿಸಲಿಲ್ಲ. ಡಬ್ಬಿಯಿಂದ ತೆಗೆದು ಒರೆಸಿ, ಬಟ್ಟೆಯ ಚೀಲಕ್ಕೆ ಹಾಕಿ, ಮೇಲೊಂದು ಚಿಪ್ಪು ಬಾಳೆಹಣ್ಣು, ಒಂದು ಕಟ್ಟು ವೀಳ್ಯದೆಲೆ ಇಟ್ಟುಕೊಂಡು ಬೀಗರ ಮನೆಗೆ ಹೊರಟೆ. ನಮ್ಮೂರಿನಲ್ಲಿ ಹೊಸ ಯಂತ್ರ ತಂದವರು ಮೊದಲು ಅದನ್ನು ಬೀಗರಿಗೆ ತೋರಿಸಬೇಕು. ಹೊಲಿಗೆ ಯಂತ್ರವಾದರೂ ಅಷ್ಟೇ, ಮಿಕ್ಸಿಯಾದರೂ ಅಷ್ಟೇ.

ಬೀಗರು ಎಂದರೆ ಹೆಣ್ಣು ಕೊಟ್ಟವರೋ ತಂದವರೋ ಅಲ್ಲ. ಅಂಥವರನ್ನು ನಾಲ್ಕು ಮನೆ ಅಲೆದು ಆರಿಸಿಕೊಳ್ಳಬಹುದು. ಇವರನ್ನು ಆರಿಸಿಕೊಳ್ಳುವಂತಿಲ್ಲ. ನಮ್ಮೂರಿನ ಪ್ರತಿ ಮನೆಗೂ ಊರಿನ ಇನ್ನೆಲ್ಲೋ ಒಂದು ಜೋಡಿ ಮನೆ ಇದೆ. ಒಂದು ನಡುಗಿದರೆ ಇನ್ನೊಂದೂ ಅಷ್ಟೇ ನಡುಗುತ್ತದೆ. ನಡುವೆ ಇರುವ ನೂರು ಮನೆಗಳಿಗೆ ಏನೂ ಗೊತ್ತಾಗುವುದಿಲ್ಲ. ನಾವು ಮೆಣಸಿನಕಾಯಿ ಕುಟ್ಟಿದರೆ ಹಾಲಗೇರಿಯ ಚೆನ್ನಾಜಮ್ಮನವರ ಮನೆಯಲ್ಲಿ ಲೋಟಗಳು ಒಂದಕ್ಕೊಂದು ತಾಗುತ್ತವೆ. ಅವರು ಮಂಚ ಎಳೆದರೆ ನಮ್ಮ ಗೋಡೆಯ ಕನ್ನಡಿ ಓರೆಯಾಗುತ್ತದೆ. ಶಾಲೆಯ ಬೀಗರು ಗರಡಿ ಮನೆ. ಆದ್ದರಿಂದ ಊರಿನಲ್ಲಿ ಯಾರ ಅಕ್ಷರವೂ ನೆಟ್ಟಗಿಲ್ಲ. ಅಂಚೆ ಕಚೇರಿಯ ಬೀಗರು ಒಂದು ಖಾಲಿ ಮನೆ. ಅಲ್ಲಿಯ ಗುಮಾಸ್ತರಷ್ಟು ಸುಖಿಗಳನ್ನು ನಾನು ನೋಡಿಲ್ಲ.

ಹೀಗಿರುವುದರಿಂದ ನಾವು ಹಗುರವಾದ ಜನ. ಹಿಮ್ಮಡಿ ಊರದೆ ನಡೆಯುವುದನ್ನು ಮಕ್ಕಳಿಗೆ ಮಾತಿಗಿಂತ ಮೊದಲು ಕಲಿಸುತ್ತೇವೆ. ಹೆಣ್ಣು ನೋಡಲು ಹೋದವರು ಹಾಡು ಹೇಳಿಸುವುದಿಲ್ಲ, ಬಾಗಿಲು ಹಾಕಿಸಿ ನೋಡುತ್ತಾರೆ. "ಅವನ ಕೈ ಭಾರ" ಎಂದರೆ ಅದಕ್ಕಿಂತ ದೊಡ್ಡ ಬೈಗುಳ ನಮ್ಮಲ್ಲಿಲ್ಲ. ನಮ್ಮ ಬಡಗಿಗಳು ಮೊಳೆ ಹೊಡೆಯುವುದನ್ನು ಹೊರಗಿನವರು ನೋಡಿದರೆ, ಇವರು ಮೊಳೆಗೆ ಸಮಾಧಾನ ಹೇಳುತ್ತಿದ್ದಾರೆ ಅಂದುಕೊಂಡಾರು.

ನಾನೂ ಬಡಗಿಯೇ. ಹೋದ ವರ್ಷ ಅಟ್ಟದಿಂದ ಬಿದ್ದು ಬಲಗೈ ಮಣಿಕಟ್ಟು ಮುರಿಯಿತು. ಮೂಳೆ ಕೂಡಿಕೊಂಡಿತು, ಶಕ್ತಿ ಕೂಡಲಿಲ್ಲ. ಕೈಗರಗಸವನ್ನು ಹತ್ತು ನಿಮಿಷ ಆಡಿಸಿದರೆ ಬೆರಳುಗಳು ಮರಗಟ್ಟಿ ಯಾರದೋ ಬೆರಳಿನಂತೆ ಕಾಣುತ್ತಿದ್ದವು. ಆಗಲೇ ಹೊಸ ವಾಚನಾಲಯದವರು ನಲವತ್ತು ಕುರ್ಚಿ ಕೇಳಿದರು. ಕುರ್ಚಿಯ ಬೆನ್ನಿನ ಹಲಗೆಗೆ ನಡುವೆ ಅರ್ಧಚಂದ್ರ ಕೊರೆಯಬೇಕು. ನನ್ನ ಕೈಯಲ್ಲಿ ದಿನಕ್ಕೊಂದು ಅರ್ಧಚಂದ್ರವೂ ಮುಗಿಯುತ್ತಿರಲಿಲ್ಲ. ಜಿಗ್‌ಸಾ ಸಿಕ್ಕರೆ ನಾನು ಬಡಗಿಯಾಗಿ ಉಳಿಯುತ್ತೇನೆ, ಇಲ್ಲದಿದ್ದರೆ ಉಗ್ರಾಣದ ಬಾಗಿಲಲ್ಲಿ ಕೂತು ಮೂಟೆ ಎಣಿಸುತ್ತೇನೆ. ನನ್ನ ಹೆಂಡತಿಯ ಅಣ್ಣ ಆ ಕೆಲಸವನ್ನು ಆಗಲೇ ಮಾತಾಡಿ ಇಟ್ಟಿದ್ದ. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದ, ಅದಕ್ಕೇ ಬೇಜಾರು ಹೆಚ್ಚು.

ಚೆನ್ನಾಜಮ್ಮನವರು ಜಗುಲಿಯಲ್ಲಿ ಕುಡಿಕೆ ತೊಳೆದು ಬಿಸಿಲಿಗೆ ಬೋರಲು ಹಾಕುತ್ತಿದ್ದರು. ಅರವತ್ತು ದಾಟಿದ ಹೆಂಗಸು, ಒಬ್ಬರೇ ಇರುತ್ತಾರೆ, ಜೊತೆಗೆ ಹಿತ್ತಲಿನಲ್ಲಿ ಎರಡು ಹಸು. ದಿನಾ ಬೆಳಿಗ್ಗೆ ಒಂಬತ್ತಕ್ಕೆ ಐವತ್ತು ಕುಡಿಕೆಗೆ ಹಾಲು ತುಂಬಿ ಹೆಪ್ಪು ಹಾಕುತ್ತಾರೆ. ಮಧ್ಯಾಹ್ನ ಮೂರಕ್ಕೆ ಗಟ್ಟಿ ಮೊಸರು. ಪಕ್ಕದ ಬೀದಿಯ ಖಾನಾವಳಿಯ ಲಿಂಗಮ್ಮ ಅದರಲ್ಲಿ ಅರ್ಧ ಒಯ್ಯುತ್ತಾಳೆ. ಹೆಪ್ಪು ಕೂಡುವ ಆ ಆರು ಗಂಟೆ ನಾವು ನಮ್ಮ ಮನೆಯಲ್ಲಿ ಜೋರಾಗಿ ಸೀನುವುದೂ ಇಲ್ಲ.

"ಏನ್ ಬೀಗರೇ, ಚೀಲ ಭಾರವಾಗಿದೆ. ಬರೀ ಬಾಳೆಹಣ್ಣಾಗಿದ್ರೆ ಚೆನ್ನಾಗಿತ್ತು."

ನಾನು ಜಿಗ್‌ಸಾ ತೆಗೆದು ಚಾಪೆಯ ಮೇಲಿಟ್ಟೆ. ಅವರು ಕೈ ಒರೆಸಿಕೊಂಡು ಬಗ್ಗಿ ನೋಡಿದರು. ಬೆರಳಿನಿಂದ ಬ್ಲೇಡನ್ನು ಮೆಲ್ಲಗೆ ಮುಟ್ಟಿದರು.

"ಇದೇನು, ಇಸ್ತ್ರಿ ಪೆಟ್ಟಿಗೆಗೆ ಒಂದು ಹಲ್ಲು ಬಂದಂಗಿದೆ. ಇದು ಎಷ್ಟು ಕುಣಿಯತ್ತೆ?"

"ಅಂಗಡಿಯವನು ಅಷ್ಟೇನಿಲ್ಲ ಅಂದ."

"ಮಾರೋವ್ನು ಇನ್ನೇನಂತಾನೆ. ನಿಮ್ಮ ಹೆಸರು ನೋಡಿದ್ರೆ ಮೌನೇಶ, ತಂದಿರೋದು ಇದು." ಅವರು ನನ್ನ ಮಣಿಕಟ್ಟಿನ ಕಡೆ ನೋಡಿದರು. "ಕೈ ಹೇಗಿದೆ? ನೀವು ಅಟ್ಟದಿಂದ ಬಿದ್ದಾಗ ನನ್ನವು ಎರಡು ಗಡಿಗೆ ಉರುಳಿದ್ವು. ನಾನೇನೂ ಅನ್ಲಿಲ್ಲ. ಬೀಳೋರು ಕೇಳ್ಕೊಂಡು ಬೀಳಲ್ಲ. ಆದ್ರೆ ಇದನ್ನ ಕೇಳ್ಕೊಂಡೇ ತಂದಿದೀರಲ್ಲ, ಅದಕ್ಕೆ ನಾನೂ ನೋಡ್ಕೊಂಡೇ ಹೇಳ್ತೀನಿ."

ರೂಢಿ ಹೀಗಿದೆ: ಒಂಬತ್ತು ದಿನ, ಅದೂ ಬೀಗರ ಕೆಲಸದ ಹೊತ್ತಿನಲ್ಲೇ, ಯಂತ್ರವನ್ನು ಓಡಿಸಿ ತೋರಿಸಬೇಕು. ಒಂಬತ್ತನೆಯ ದಿನ ಬೀಗರು ನಮ್ಮ ಮನೆಗೆ ಬಂದು ಹೂಂ ಅನ್ನಬೇಕು, ಇಲ್ಲ ಊಹೂಂ ಅನ್ನಬೇಕು. ಊಹೂಂ ಆದರೆ ಯಂತ್ರ ಊರು ಬಿಡಬೇಕು. ಇದನ್ನು ಯಾರೂ ಬರೆದಿಟ್ಟಿಲ್ಲ, ಮೀರಿದವರಿಗೆ ಶಿಕ್ಷೆಯೂ ಇಲ್ಲ. ಒಮ್ಮೆ ಒಬ್ಬರು ಊಹೂಂ ಕೇಳಿಸಿಕೊಂಡೂ ಹಿಟ್ಟಿನ ಗಿರಣಿ ಹಾಕಿದರು. ಅವರ ಬೀಗರು ಜಗಳಕ್ಕೆ ಹೋಗಲಿಲ್ಲ. ಅಜ್ಜಿಯಿಂದ ಹಿಡಿದು ಎಲ್ಲರೂ ನಡುಮನೆಯಲ್ಲಿ ಮೂರು ದಿನ ಕುಂಟೆಬಿಲ್ಲೆ ಆಡಿದರು. ನಾಲ್ಕನೆಯ ದಿನ ಗಿರಣಿ ಮಾರಾಟಕ್ಕಿತ್ತು.

ಮೊದಲ ದಿನ ಹನ್ನೊಂದಕ್ಕೆ ಪ್ಲಗ್ ಹಾಕಿದೆ. ಹೆಂಡತಿ ಪಂಕಜಾ ಬಾಗಿಲಲ್ಲಿ ನಿಂತು ಕಿವಿಗೆ ಹತ್ತಿ ತುರುಕಿಕೊಂಡಳು. ಹಲಗೆಯನ್ನು ಎರಡು ಮಣೆಗಳ ಮೇಲೆ ಹಾಗೇ ಇಟ್ಟಿದ್ದೆ. ಬಿಗಿದು ಕಟ್ಟಿದಷ್ಟೂ ನಡುಕ ನೆಲಕ್ಕಿಳಿಯುತ್ತದೆ ಎನ್ನುವುದು ನಮ್ಮೂರ ಬಡಗಿಗಳ ಹಳೆಯ ನಂಬಿಕೆ. ಜಿಗ್‌ಸಾದ ಗುಂಡಿ ಒತ್ತಿ, ಹಾಲು ಕುಡಿದ ಮಗುವನ್ನು ತೊಟ್ಟಿಲಿಗೆ ಇಳಿಸುವಂತೆ ಅದನ್ನು ಮರದ ಕಡೆ ಇಳಿಸಿದೆ. ಅದರ ತಳದ ತಗಡನ್ನು, ಅಂದರೆ ಉಕ್ಕಿನ ಪಾದವನ್ನು, ಹಲಗೆಗೆ ತಾಗಿಯೂ ತಾಗದಂತೆ ಹಿಡಿದೆ.

ಆಮೇಲೆ ಆದದ್ದಕ್ಕೆ ಸದ್ದು ಎನ್ನುವ ಪದ ಸಾಲದು. ಬ್ಲೇಡು ಮರವನ್ನು ಹಿಡಿದು ಎತ್ತಿ ಎತ್ತಿ ಬಡಿಯಿತು. ಹಲಗೆ ಮಣೆಯ ಮೇಲೆ ತಕತಕ ಕುಣಿಯಿತು. ಮಣಿಕಟ್ಟಿನಿಂದ ಹೊರಟ ನಡುಕ ಭುಜ ಹತ್ತಿ ಹಲ್ಲಿನ ಸಂದಿಯಲ್ಲಿ ಕೂತಿತು. ಸೌಟುಗಳು ಗೋಡೆಯಿಂದ ಒಂದೊಂದಾಗಿ ಬಿದ್ದವು. ಇನ್ನೂ ಹಗುರವಾಗಿ ಹಿಡಿಯೋಣವೆಂದು ಕೈಯನ್ನು ಒಂದು ಕೂದಲೆಳೆ ಎತ್ತಿದೆ. ಅದು ಇನ್ನೂ ಎಗರಿತು.

ಅಷ್ಟರಲ್ಲಿ ನನ್ನ ಅಂಗಾಲಿಗೆ ಕೆಳಗಿನಿಂದ ಮೂರು ಪೆಟ್ಟು ತಾಗಿದವು. ಅಲ್ಲಿ ಚೆನ್ನಾಜಮ್ಮನವರು ಒನಕೆಯಿಂದ ನೆಲ ಕುಟ್ಟಿದ್ದರು. ಮೂರು ಪೆಟ್ಟು ಎಂದರೆ ನಿಲ್ಲಿಸಿ ಎಂದು.

ಓಡಿದೆ. ಅವರು ನನಗೆ ಒಂದು ಲೋಟ ಕೊಟ್ಟರು. ಒಳಗೆ ತಿಳಿನೀರು, ನಡುವೆ ಮೂರ್ನಾಲ್ಕು ಬಿಳಿ ಚೂರು.

"ಕುಡೀರಿ ಬೀಗರೇ. ನೀವೇ ಮಾಡಿದ್ದು."

ಕುಡಿದೆ. ಅವತ್ತು ಲಿಂಗಮ್ಮನ ಖಾನಾವಳಿಯಲ್ಲಿ ಎಲ್ಲರೂ ಮಜ್ಜಿಗೆ ಉಂಡರು. ಚೆನ್ನಾಜಮ್ಮನವರು ಆಗಲೇ ಊಹೂಂ ಅನ್ನಬಹುದಿತ್ತು. ಅನ್ನಲಿಲ್ಲ. ಒಂಬತ್ತು ದಿನ ಎಂದರೆ ಒಂಬತ್ತು ದಿನ ಎಂದರು. ಮಾರನೆಯ ದಿನದಿಂದ ಅವರು ಕುಡಿಕೆಗಳನ್ನೆಲ್ಲ ಬುಟ್ಟಿಯಲ್ಲಿ ಹೊತ್ತು ಪಕ್ಕದ ಮನೆಯಲ್ಲಿಟ್ಟು, ಪರೀಕ್ಷೆಗೆಂದು ಒಂದೇ ಒಂದನ್ನು ತಮ್ಮ ಮನೆಯಲ್ಲಿ ಬಿಡತೊಡಗಿದರು. ನಲವತ್ತೊಂಬತ್ತು ಕುಡಿಕೆ ಹೊತ್ತು ಹೋಗುವುದು, ಹೊತ್ತು ತರುವುದು. ಆ ವಯಸ್ಸಿನವರಿಗೆ ಅದು ಸಣ್ಣ ಕೆಲಸವಲ್ಲ. ದಿನಾ ಹನ್ನೊಂದಕ್ಕೆ ಹತ್ತು ನಿಮಿಷ ನಾನು ಜಿಗ್‌ಸಾ ಓಡಿಸುವುದು, ದಿನಾ ಆ ಒಂಟಿ ಕುಡಿಕೆಯ ಹಾಲು ಒಡೆಯುವುದು, ಅದನ್ನು ನಾನೇ ಹೋಗಿ ಕುಡಿಯುವುದು.

ನಾನು ಸುಮ್ಮನೆ ಕೂರಲಿಲ್ಲ. ಎರಡನೆಯ ದಿನ ಮಣೆಗಳ ಕೆಳಗೆ ಗೋಣಿಚೀಲ ಹಾಸಿದೆ. ಮೂರನೆಯ ದಿನ ಸೈಕಲ್ ಟ್ಯೂಬು ಕತ್ತರಿಸಿ ಹಾಸಿದೆ. ಹಲಗೆ ಮೊದಲಿಗಿಂತ ಚೆನ್ನಾಗಿ ಪುಟಿಯಿತು. ನಾಲ್ಕನೆಯ ದಿನ ಜಿಗ್‌ಸಾಕ್ಕೆ ಪಂಕಜಾಳ ಹಳೆಯ ಸೀರೆ ಸುತ್ತಿದೆ.

"ಬಾಣಂತಿ ಥರ ಕಾಣ್ತಿದೆ," ಎಂದಳು ಅವಳು. "ಅದಕ್ಕೊಂದಿಷ್ಟು ಅಂಟಿನುಂಡೆ ಮಾಡ್ಕೊಡ್ಲಾ?"

"ನಿಂಗೆ ತಮಾಷೆ."

"ತಮಾಷೆ ಅಲ್ಲ ರೀ. ಅಣ್ಣ ಮತ್ತೆ ಕೇಳ್ದ, ಉಗ್ರಾಣದ ಕೆಲಸಕ್ಕೆ ಸೋಮವಾರದೊಳಗೆ ಹೇಳ್ಬೇಕಂತೆ."

ಐದನೆಯ ದಿನ ನಾನು ಉಸಿರು ಹಿಡಿದುಕೊಂಡು ಕೊಯ್ದೆ. ಆರನೆಯ ದಿನ ಎರಡೇ ಬೆರಳಲ್ಲಿ ಹಿಡಿದೆ. ಬ್ಲೇಡು ಕಚ್ಚಿ, ಮುರಿದು, ಚೂರು ಹಾರಿ ಮಾಡಿನ ಹೆಂಚಿಗೆ ತಾಗಿತು. ಏಳನೆಯ ದಿನ ಹಲಗೆಯನ್ನೇ ಹಗ್ಗದಲ್ಲಿ ಉಯ್ಯಾಲೆಯಂತೆ ತೂಗುಹಾಕಿ ಕೊಯ್ಯಲು ನೋಡಿದೆ. ಅದರ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. ಎಂಟನೆಯ ದಿನ ಪಂಕಜಾ ಏನೂ ತಮಾಷೆ ಮಾಡಲಿಲ್ಲ. ಒಂಬತ್ತನೆಯ ದಿನ ಬೀಗರಿಗೆ ಊಟಕ್ಕೆ ಏನು ಮಾಡಲಿ ಎಂದಷ್ಟೇ ಕೇಳಿದಳು. ಊಹೂಂ ಹೇಳಲು ಬರುವವರಿಗೂ ಹಬ್ಬದ ಅಡುಗೆಯನ್ನೇ ಮಾಡಬೇಕು. ಮಾಡದಿದ್ದರೆ ಅದಕ್ಕೇ ಊಹೂಂ ಅಂದರು ಎಂಬ ಮಾತು ಬರುತ್ತದೆ.

ಚೆನ್ನಾಜಮ್ಮನವರು ಹತ್ತು ಗಂಟೆಗೆ ಬಂದರು. ಮಡಿಕೆ ಮುರಿಯದ ಸೀರೆ ಉಟ್ಟಿದ್ದರು. ಹೊಸಿಲ ಹೊರಗೆ ಚಪ್ಪಲಿ ಬಿಟ್ಟು, ಮನೆಯ ನಡುವೆ ನಿಂತು, ಒಮ್ಮೆ ಸುತ್ತಲೂ ನೋಡಿದರು. ಮೂವತ್ತು ವರ್ಷದಿಂದ ನಮ್ಮ ಒಂದೊಂದು ಹೆಜ್ಜೆಯನ್ನೂ ತಮ್ಮ ನೆಲದಲ್ಲಿ ಬಲ್ಲವರು, ನಮ್ಮ ಮನೆಯನ್ನು ಕಣ್ಣಿನಿಂದ ನೋಡಿದ್ದು ಎರಡೋ ಮೂರೋ ಸಲ.

"ನೀವು ರಾತ್ರಿ ಊಟಕ್ಕೆ ಕೂರೋ ಜಾಗ ಇದಲ್ವಾ," ಎಂದು ಕಂಬದ ಪಕ್ಕ ತೋರಿಸಿದರು. ಸರಿಯಾಗಿತ್ತು.

ಪಂಕಜಾ ಪಾನಕ ಕೊಟ್ಟಳು. ಅವರು ಎರಡು ಗುಟುಕು ಕುಡಿದು ಲೋಟ ಕೆಳಗಿಟ್ಟರು.

"ಸುತ್ತಿ ಬಳಸಿ ಹೇಳಲ್ಲ ಬೀಗರೇ. ಇವತ್ತು ಕುಡಿಕೆ ಪಕ್ಕದ ಮನೆಗೆ ಹೊತ್ಕೊಂಡು ಹೋಗ್ಲಿಲ್ಲ. ಎಲ್ಲಾ ಮನೇಲೇ ಹೆಪ್ಪು ಹಾಕಿ ಬಂದಿದೀನಿ. ಇನ್ನು ಆ ಯಂತ್ರ ಓಡಲ್ಲ ಅನ್ನೋ ಧೈರ್ಯದ ಮೇಲೆ."

ಅದು ಊಹೂಂ. ಬಾಯಿಂದ ಆ ಎರಡಕ್ಷರ ಬರುವುದಷ್ಟೇ ಬಾಕಿ. ನಾನು ತಲೆ ಅಲ್ಲಾಡಿಸಿದೆ. ಅವರ ಮೇಲೆ ಸಿಟ್ಟೇನೂ ಬರಲಿಲ್ಲ. ಎಂಟು ದಿನ ಒಡೆದ ಹಾಲನ್ನು ಕುಡಿದವನು ನಾನೇ.

"ಹೇಳೋಕೆ ಮುಂಚೆ ಒಂದು," ಎಂದರು. "ಎಂಟು ದಿನ ಇದರ ಒದೆ ತಿಂದಿದೀನಿ. ಹೆಂಗೆ ಒದೆಯತ್ತೆ ಅಂತ ನೋಡ್ಬೇಕು. ಪ್ಲಗ್ ಹಾಕ್ಬೇಡಿ. ಸುಮ್ನೆ ಹಿಡ್ಕೊಂಡು ತೋರ್ಸಿ."

ಹಲಗೆಯನ್ನು ಮಣೆಗಳ ಮೇಲಿಟ್ಟು, ಮಂಡಿಯೂರಿ ಕೂತು, ಎಂದಿನಂತೆ ಜಿಗ್‌ಸಾ ಹಿಡಿದು ತೋರಿಸಿದೆ. ಪಾದ ಮರದ ಮೇಲೆ ತಾಗಿಯೂ ತಾಗದಂತೆ.

ಅವರು ಬಹಳ ಹೊತ್ತು ನೋಡಿದರು. ಆಮೇಲೆ ನಕ್ಕರು. ಅಣಕದ ನಗು ಅಲ್ಲ. ಕಳೆದ ಬೀಗದ ಕೈ ತಮ್ಮ ಸೊಂಟದಲ್ಲೇ ಸಿಕ್ಕಿದಾಗ ನಗುತ್ತೇವಲ್ಲ, ಹಾಗೆ.

"ಅಯ್ಯೋ ಮಾರಾಯರೇ, ಹಸು ಹಾಲು ಕರೆದಿದೀರಾ ಯಾವತ್ತಾದ್ರೂ?"

"ಇಲ್ಲ."

"ನನ್ನ ಚಿಕ್ಕ ಹಸು ಇದೆಯಲ್ಲ, ಕೆಂದಿ. ಹೊಸಬರು ಯಾರಾದ್ರೂ ಬಂದು ಹೆದರಿಕೊಂಡು ಬೆರಳ ತುದೀಲಿ ಮುಟ್ಟಿದ್ರೋ, ಒದ್ದು ಚೊಂಬು ಹಾರಿಸ್ತಾಳೆ. ಕಚಗುಳಿ ಆಗತ್ತೆ ಅದಕ್ಕೆ. ನಾನು ಹೋದ್ರೆ ಮೊದ್ಲು ತಲೇನ ಅದರ ಪಕ್ಕೆಗೆ ಒತ್ತಿ ಕೂರ್ತೀನಿ. ಭಾರ ಬಿಟ್ಟು. ಆಗ ಅದಕ್ಕೂ ಗೊತ್ತಾಗತ್ತೆ, ಇವಳು ಎಲ್ಲಿದಾಳೆ ಅಂತ. ಸುಮ್ನೆ ನಿಂತ್ಕೊಳತ್ತೆ. ನೀವು ಇದಕ್ಕೆ ಕಚಗುಳಿ ಇಡ್ತಿದೀರಿ ಬೀಗರೇ. ಒತ್ತಿ ಹಿಡೀರಿ."

"ಒತ್ತಿದ್ರೆ ನಿಮ್ಮ ಮನೆಗೆ..."

"ನಮ್ಮ ಮನೇದು ನಾನು ನೋಡ್ಕೊತೀನಿ. ಒತ್ತಿ."

ಓದುವವರಿಗೆ ಇದು ಸುಲಭ ಅನ್ನಿಸಬಹುದು. ಬೀಗರ ಎದುರು ಬೀಗರ ಮನೆಯ ಮೇಲೆ ಭಾರ ಬಿಡುವುದೆಂದರೆ ನಮಗೆ ಏನೆಂದು ಹೇಗೆ ಹೇಳಲಿ. ನನ್ನ ತಂದೆ ಸಾಯುವಾಗಲೂ ಮಂಚದಿಂದ ಕೈ ಇಳಿಬಿಡದೆ ಎದೆಯ ಮೇಲಿಟ್ಟುಕೊಂಡು ಸತ್ತವರು. ನನ್ನ ಭುಜ ಒಪ್ಪಿತು, ಮೊಣಕೈ ಒಪ್ಪಿತು, ಅಂಗೈ ಒಪ್ಪಲಿಲ್ಲ. ಒತ್ತಿದೆ ಅಂದುಕೊಂಡಾಗಲೆಲ್ಲ ಜಿಗ್‌ಸಾದ ಪಾದದ ಕೆಳಗೆ ಒಂದು ಕಾಗದ ತೂರುವಷ್ಟು ಸಂದು ಇದ್ದೇ ಇತ್ತು.

ಚೆನ್ನಾಜಮ್ಮನವರು ಆ ಸಂದನ್ನು ನೋಡಿದರು. ಹಲಗೆಯನ್ನೂ ಅಲ್ಲಾಡಿಸಿ ನೋಡಿದರು. "ಇದೂ ಹಂಗೇ, ನೆಂಟರ ಮನೇಲಿ ಕೂತಂಗೆ ಕೂತಿದೆ," ಎಂದು ಸೀರೆ ಸರಿಮಾಡಿಕೊಂಡು ಹಲಗೆಯ ಒಂದು ತುದಿಯ ಮೇಲೆ ಕೂತುಬಿಟ್ಟರು. "ಪಂಕಜಮ್ಮಾ, ನೀನು ಆ ಕಡೆ ಕೂರು."

ಪಂಕಜಾ ಒಮ್ಮೆ ನನ್ನ ಮುಖ ನೋಡಿ, ಆ ಕಡೆ ಕೂತಳು. ಇಬ್ಬರ ನಡುವೆ ಪೆನ್ಸಿಲಿನಲ್ಲಿ ಬರೆದ ಅರ್ಧಚಂದ್ರ. ಚೆನ್ನಾಜಮ್ಮನವರು ಪಾನಕದ ಲೋಟವನ್ನು ಎತ್ತಿ ಹಲಗೆಯ ಮೇಲೆ, ತಮ್ಮ ಪಕ್ಕದಲ್ಲಿಟ್ಟರು.

"ಈಗ ಪ್ಲಗ್ ಹಾಕಿ."

"ಕುಡಿಕೆ ಎಲ್ಲಾ ಮನೇಲೇ ಇದಾವೆ ಅಂದ್ರಿ. ಐವತ್ತೂ ಹೋಗ್ತವೆ."

"ಹೋದ್ರೆ ಮಜ್ಜಿಗೆ ಮಾರ್ತೀನಿ. ಲಿಂಗಮ್ಮ ಬೈತಾಳೆ. ಬೈಸ್ಕೊಂಡು ಅಭ್ಯಾಸ ಇದೆ."

ಗುಂಡಿ ಒತ್ತಿದೆ. ಜಿಗ್‌ಸಾ ಕೈಯಲ್ಲಿ ಎದ್ದು ನಿಂತಿತು. ಕಣ್ಣು ಮುಚ್ಚಿ, ಬಾಗಿ, ಬೆನ್ನನ್ನು ಅದರ ಮೇಲೆ ಬಿಟ್ಟೆ. ಅಂಗೈ ಇನ್ನೂ ತಡೆಯುತ್ತಿತ್ತು. ಬೆನ್ನಿನ ಭಾರ ಬಂದು ಅದನ್ನು ದಾಟಿ ಕೆಳಗಿಳಿಯಿತು. ಉಕ್ಕಿನ ಪಾದ ಮರಕ್ಕೆ ಕೂತದ್ದು ನನಗೆ ಎದೆಯಲ್ಲಿ ಗೊತ್ತಾಯಿತು.

ತಕತಕ ನಿಂತಿತು. ಸದ್ದು ನಿಲ್ಲಲಿಲ್ಲ, ಆದರೆ ಒಂದೇ ಎಳೆಯಾಯಿತು. ಮುಚ್ಚಿದ ಡಬ್ಬಿಯಲ್ಲಿ ದುಂಬಿ ಇದ್ದ ಹಾಗೆ. ಕಣ್ಣು ಬಿಟ್ಟೆ. ಪಾನಕದ ಮೇಲೆ ಸಣ್ಣ ಅಲೆಗಳು ಏಳುತ್ತಿದ್ದವು, ಚೆಲ್ಲುತ್ತಿರಲಿಲ್ಲ. ಬ್ಲೇಡು ಪೆನ್ಸಿಲಿನ ಗೆರೆಯನ್ನು ಹಿಡಿದು, ಬೀದಿ ತಿಳಿದವರಂತೆ, ತಿರುವಿನಲ್ಲಿ ತಿರುಗಿ ಮುಂದಕ್ಕೆ ಹೋಯಿತು. ನುಣ್ಣನೆಯ ಹೊಟ್ಟು ಚೆನ್ನಾಜಮ್ಮನವರ ಸೀರೆಯ ಮೇಲೆ ಬೀಳುತ್ತಿತ್ತು. ಅವರು ಒದರಿಕೊಳ್ಳಲಿಲ್ಲ. ಅರ್ಧಚಂದ್ರ ಕಳಚಿ ಕೆಳಗೆ ಬಿತ್ತು. ಮಣಿಕಟ್ಟು ನೋಯಲಿಲ್ಲ, ಅದರ ಕೆಲಸವನ್ನು ಬೆನ್ನು ಮಾಡಿತ್ತು.

ನಾನು ಗುಂಡಿಯಿಂದ ಕೈ ತೆಗೆದೆ.

"ಕೂತ ಜಾಗಕ್ಕೆ ಗುಂಯ್ ಅನ್ನತ್ತೆ," ಎಂದರು ಚೆನ್ನಾಜಮ್ಮನವರು. "ಸೊಂಟ ನೋವಿಗೆ ಒಳ್ಳೇದೇ ಇರ್ಬೇಕು. ಇನ್ನೊಂದು ಹಲಗೆ ತನ್ನಿ."

"ಮೊದಲು ನಿಮ್ಮ ಮನೆಗೆ ಹೋಗಿ ನೋಡ್ಕೊಂಡು ಬರೋಣ."

"ಈಗ ಹೋಗಿ ಏನ್ ನೋಡ್ತೀರಿ, ಹಾಲನ್ನಾ? ಮೂರು ಗಂಟೆವರೆಗೂ ಹೆಪ್ಪು ಕೂಡಬೇಕು, ಮೂರು ಗಂಟೆವರೆಗೂ ಇದು ಓಡಬೇಕು. ಅರ್ಧ ಪರೀಕ್ಷೆ ಮಾಡಿ ಪೂರ್ತಿ ಉತ್ತರ ಹೇಳೋಳಲ್ಲ ನಾನು."

ನಡುವೆ ಊಟಕ್ಕೆ ಎದ್ದೆವು. ಒಬ್ಬಟ್ಟು ತಿನ್ನುತ್ತ ಅವರು, ನಮ್ಮ ಮನೆಯ ಒಬ್ಬಟ್ಟಿನ ಹಿಟ್ಟು ನಾದುವ ಪೆಟ್ಟು ತಮಗೆ ಮೂವತ್ತು ವರ್ಷದಿಂದ ಗೊತ್ತು, ರುಚಿ ಇವತ್ತೇ ಗೊತ್ತಾಗಿದ್ದು ಎಂದರು. ಪಂಕಜಾ ಇನ್ನೆರಡು ಬಡಿಸಿದಳು. ಆಮೇಲೆ ಮತ್ತೆ ಅವರಿಬ್ಬರೂ ಹಲಗೆಯ ಎರಡು ತುದಿಗೆ ಕೂತರು, ನಾನು ನಡುವೆ ಬಾಗಿದೆ. ಎರಡೂಮುಕ್ಕಾಲಿನ ಹೊತ್ತಿಗೆ ಹನ್ನೊಂದು ಬೆನ್ನುಹಲಗೆ ಗೋಡೆಗೆ ಒರಗಿದ್ದವು. ಅಷ್ಟು ಕೆಲಸ ನನ್ನ ಕೈಯಿಂದ ಒಂದೇ ದಿನ ಎಂದೂ ಆಗಿರಲಿಲ್ಲ. ಕೈ ನೆಟ್ಟಗಿದ್ದ ಕಾಲದಲ್ಲೂ.

ನಾನೂ ಚೆನ್ನಾಜಮ್ಮನವರೂ ಹಾಲಗೇರಿಗೆ ನಡೆದೆವು. ನಾನು ಮುಂದೆ ಮುಂದೆ ಹೋಗುತ್ತಿದ್ದೆ, ಅವರು ತಮ್ಮ ಹೆಜ್ಜೆ ತಪ್ಪಿಸಲಿಲ್ಲ. ಬೀಗ ತೆಗೆದರು. ಒಳಗೆ ತಂಪು, ಹುಳಿವಾಸನೆ. ಚಾಪೆಯ ಮೇಲೆ ಐದು ಸಾಲು ಕುಡಿಕೆ, ಮೇಲೆ ಬಾಳೆಲೆಯ ಮುಚ್ಚಳ. ಅವರು ಮೊದಲನೆಯದರ ಎಲೆ ಸರಿಸಿದರು. ಎರಡನೆಯದು. ಮೂರನೆಯದು. ನಾನು ಅವರ ಭುಜದ ಮೇಲಿಂದ ಬಗ್ಗಿದೆ.

ಮೊಸರು ಒಡೆದಿರಲಿಲ್ಲ. ಆದರೆ ಎಂದಿನ ಮೊಸರೂ ಆಗಿರಲಿಲ್ಲ. ಒಂದೊಂದು ಕುಡಿಕೆಯಲ್ಲೂ ಕೆನೆಯ ಮೇಲೆ, ನಡುವಿನಿಂದ ಅಂಚಿನವರೆಗೆ, ಸಣ್ಣ ಉಂಗುರಗಳು ಒಂದರ ಸುತ್ತ ಒಂದು ಹೆಪ್ಪುಗಟ್ಟಿದ್ದವು. ಮರವನ್ನು ಅಡ್ಡ ಕೊಯ್ದಾಗ ಅದರ ವಯಸ್ಸು ಕಾಣುತ್ತದಲ್ಲ, ಹಾಗೆ. ಜಿಗ್‌ಸಾದ ನಡುಕ ಬಂದು, ಹೋಗಲು ಜಾಗ ಸಿಗದೆ, ಅಲ್ಲೇ ಗಟ್ಟಿಯಾಗಿತ್ತು.

ಚೆನ್ನಾಜಮ್ಮನವರು ಒಂದು ಕುಡಿಕೆಯನ್ನು ಓರೆ ಮಾಡಿದರು. ಮೊಸರು ಜಾರಲಿಲ್ಲ. ಚಮಚ ಇಳಿಸಿ ಒಂದು ತುಂಡು ತೆಗೆದು ನನ್ನ ಅಂಗೈಗೆ ಹಾಕಿದರು, ಒಂದು ತುಂಡು ತಮ್ಮ ಬಾಯಿಗೆ ಹಾಕಿಕೊಂಡರು.

"ರುಚಿ ಅದೇ ಇದೆ," ಎಂದೆ.

"ರುಚಿ ನಂಗೆ ಹೇಳ್ಬೇಡಿ. ನಾಲಿಗೆಗೆ ತಿನ್ನೋರು ಕಮ್ಮಿ, ಕಣ್ಣಿಗೆ ತಿನ್ನೋರೇ ಜಾಸ್ತಿ. ಇದೇನು ಚಕ್ಕುಲಿ ಥರ ಅಂತ ಕೇಳಿದ್ರೆ?"

ಅಷ್ಟರಲ್ಲಿ ಬಾಗಿಲಲ್ಲಿ ಲಿಂಗಮ್ಮನ ನೆರಳು ಬಿತ್ತು. ದಪ್ಪ ಹೆಂಗಸು, ಕಂಕುಳಲ್ಲಿ ಬುಟ್ಟಿ, ಬರುವಾಗಲೇ ಮಾತು.

"ಇವತ್ತು ಮತ್ತೆ ಮಜ್ಜಿಗೇನಾ, ಇಲ್ಲ ಮೊಸರಿದೆಯಾ? ಹೋದ ವಾರ ಮಜ್ಜಿಗೆ ಬಡಿಸಿದಾಗಿಂದ ಗಿರಾಕಿಗಳು ನನ್ನೇ ಹುಳಿ ಮುಖ ಮಾಡ್ಕೊಂಡು ನೋಡ್ತಾರೆ." ಅವಳು ಕುಡಿಕೆಯೊಳಗೆ ಇಣುಕಿದಳು. ಮೂಗನ್ನು ಹತ್ತಿರ ತಂದು ಇನ್ನೊಮ್ಮೆ ಇಣುಕಿದಳು. "ಇದೇನಕ್ಕ ಇದು, ಗೆರೆ ಗೆರೆ?"

ಚೆನ್ನಾಜಮ್ಮನವರು ನನ್ನ ಕಡೆ ತಿರುಗಿ ನೋಡಲಿಲ್ಲ. ಸೀರೆಗೆ ಅಂಟಿದ್ದ ಹೊಟ್ಟನ್ನು ಕೈಯಿಂದ ಕೊಡವುತ್ತ ಹೇಳಿದರು.

"ಬೀಗರ ಮನೇಲಿ ಕೆಲಸ ನಡೀತಿದೆ."

"ಓ," ಎಂದಳು ಲಿಂಗಮ್ಮ. ನಮ್ಮೂರಿನಲ್ಲಿ ಅದಕ್ಕಿಂತ ಹೆಚ್ಚಿನ ವಿವರಣೆಯನ್ನು ಯಾರೂ ಕೇಳುವುದಿಲ್ಲ. ಬುಟ್ಟಿ ಕೆಳಗಿಟ್ಟು ಕುಡಿಕೆಗಳನ್ನು ಒಂದೊಂದಾಗಿ ಜೋಡಿಸಿಕೊಂಡಳು. ಬಾಗಿಲು ದಾಟುವ ಮುಂಚೆ ನಿಂತು ಕೇಳಿದಳು, "ನಾಳೇನೂ ಇಂಥದ್ದೇ ಇರತ್ತಾ?"

"ಇರತ್ತೆ," ಎಂದರು ಚೆನ್ನಾಜಮ್ಮನವರು. "ಇನ್ನೂ ಇಪ್ಪತ್ತೊಂಬತ್ತು ಕುರ್ಚಿ ಬಾಕಿ ಇದಾವೆ."